ಕಲ್ಯಾಣಪ್ಪನವರ ಪರವಾಗಿ ಒಂದು ತುತ್ತು

ಸೋಲಾಪುರ ಜಿಲ್ಲೆಯ ಜನರ ಊಟದಲ್ಲಿ ಸಮತೋಲವಿಲ್ಲ ಎಂಬ ಸಂಗತಿಯು 1976ನೆಯ ಇಸವಿಯ ಬೇಸಿಗೆಯಲ್ಲಿ ಅಧಿಕೃತವಾಗಿ ಪತ್ತೆಯಾಯಿತು. ಅದಕ್ಕೂ ಮೊದಲು ಜನ ಉಣ್ಣುತ್ತಿರಲಿಲ್ಲವೆಂದಲ್ಲ. ಉಣ್ಣುತ್ತಿದ್ದರು, ಆದರೆ ಯಾರ ಅನುಮತಿಯೂ ಇಲ್ಲದೆ ಉಣ್ಣುತ್ತಿದ್ದರು.

ಈ ಲೋಪವನ್ನು ಸರಿಪಡಿಸಲು ಅಕ್ಕಲಕೋಟೆಯಲ್ಲಿ ಸಂತುಲಿತ ಆಹಾರ ಪ್ರಸಾರ ಕಚೇರಿ ಎಂಬುದೊಂದು ತೆರೆಯಿತು. ಉದ್ಘಾಟನೆಯ ದಿನ ವಕ್ತಾರರೊಬ್ಬರು ಆಡುಗಳು ಮೇಯ್ದು ಮೇಯ್ದು ಗುಡ್ಡಗಳೆಲ್ಲ ಬೋಳಾಗುತ್ತಿರುವ ಬಗ್ಗೆ ಕೇಳಿದವರ ಮನಸ್ಸು ಕರಗುವಂತೆ ಮಾತಾಡಿದರು. ಆ ಹಾನಿಯನ್ನು ತಕ್ಷಣ ತಡೆಯುವ ಸಲುವಾಗಿ ಮಧ್ಯಾಹ್ನದ ಊಟಕ್ಕೆ ಕೆಲವು ಆಡುಗಳನ್ನು ಬೇಯಿಸಲಾಯಿತು. ಉಳಿದ ಆಡುಗಳು ಕಚೇರಿಯ ಅಂಗಳದಲ್ಲಿ ಅಂದೇ ನೆಟ್ಟಿದ್ದ ಬೇವಿನ ಸಸಿಗಳನ್ನು ತಿಂದವು. ಕಾರ್ಯಕ್ರಮ ಯಶಸ್ವಿಯಾಯಿತೆಂದು ವರದಿ ಹೋಯಿತು.

ಕಚೇರಿಯ ಮೊದಲ ಕರಪತ್ರದಲ್ಲಿ ಹೇಳಿದ ಮಾತು ನಿಜಕ್ಕೂ ಒಳ್ಳೆಯದಿತ್ತು. ಸೊಪ್ಪು, ಬೇಳೆ, ಕಾಳುಗಳನ್ನು ದಿನಾ ಉಣ್ಣಿರಿ. ಮಾಂಸ ತಿನ್ನುವ ರೂಢಿಯುಳ್ಳವರು ಆಗೊಮ್ಮೆ ಈಗೊಮ್ಮೆ ಇಷ್ಟಿಷ್ಟು ತಿನ್ನಿರಿ. ಮೈಯೂ ನೆಟ್ಟಗಿರುತ್ತದೆ, ನೆಲವೂ ನೆಟ್ಟಗಿರುತ್ತದೆ ಎಂದು ಅದರಲ್ಲಿ ಬರೆದಿತ್ತು. ಓದಿದವರಿಗೆಲ್ಲ ಅರ್ಥವಾಯಿತು. ಕಚೇರಿಗೆ ಚಿಂತೆ ಹತ್ತಿದ್ದೇ ಆವಾಗ. ಎಲ್ಲರಿಗೂ ಅರ್ಥವಾಗುವ ಮಾತಿಗೆ ಕಚೇರಿಯೊಂದು ಯಾಕೆ ಬೇಕೆಂದು ಮೇಲಿನವರು ಕೇಳಿದರೆ ಉತ್ತರವಿರಲಿಲ್ಲ. ಆದ್ದರಿಂದ ಕರಪತ್ರವನ್ನು ಹಿಂದಕ್ಕೆ ಪಡೆದು ನಿಯಮಗಳನ್ನು ಹೊರಡಿಸಲಾಯಿತು.

ಪ್ರತಿಯೊಬ್ಬ ವಯಸ್ಕ ನಾಗರಿಕನ ಹೆಸರಿನಲ್ಲಿ ವಾರವಾರವೂ ಇಂತಿಷ್ಟು ಮಾಂಸ ಮತ್ತು ಇಂತಿಷ್ಟು ಪಲ್ಯ ಸೇವನೆಯಾಗತಕ್ಕದ್ದು. ಕಡಿಮೆಯಾದರೆ ದೇಹಕ್ಕೆ ದ್ರೋಹ, ಹೆಚ್ಚಾದರೆ ಭೂಮಿಗೆ ದ್ರೋಹ. ಎರಡೂ ಸರಿಯಿದ್ದವರಿಗೆ ಸಮತೋಲ ಪತ್ರ ಕೊಡಲಾಗುವುದು. ಪತ್ರವಿಲ್ಲದ ವ್ಯಾಪಾರಿಯ ಪರವಾನಗಿಯನ್ನು ಮುಂದುವರಿಸಲಾಗುವುದಿಲ್ಲ. ಇಷ್ಟೇ ನಿಯಮ. ಜೋಳದ ಭಕ್ಕರಿಯನ್ನು ಯಾವ ಲೆಕ್ಕಕ್ಕೂ ಹಿಡಿಯಲಿಲ್ಲ. ಅದು ಆಹಾರವಲ್ಲ, ಭಕ್ಕರಿ ಎಂದು ಸ್ಪಷ್ಟೀಕರಣ ಬಂತು.

ಸೋಲಾಪುರ ಪಟ್ಟಣದ ಮಂಗಳವಾರ ಪೇಠದ ನೂಲಿನ ವ್ಯಾಪಾರಿ ಕಲ್ಯಾಣಪ್ಪನವರ ಅಂಗಡಿಯಲ್ಲಿ ಖಂಡೆಪ್ಪ ಎಂಬ ಹಮಾಲನಿದ್ದ. ಹತ್ತಿರದ ಕುಂಭಾರಿ ಎಂಬ ಹಳ್ಳಿಯವನು. ದಿನಾ ಮುಂಜಾನೆ ಅಕ್ಕಲಕೋಟೆ ಕಡೆಯಿಂದ ಬರುವ ಎಸ್.ಟಿ. ಬಸ್ಸು ಹಿಡಿದು ಬಂದು, ನೂಲಿನ ಗಂಟುಗಳನ್ನು ಹೊತ್ತು, ಹೊತ್ತು ಮುಳುಗುವಾಗ ಊರಿಗೆ ಹೋಗುತ್ತಿದ್ದ. ಭಕ್ಕರಿ, ತೊಗರಿಬೇಳೆ, ಶೇಂಗಾ ಚಟ್ನಿ ಅವನ ದಿನದ ಊಟ. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ವಾರ ಒಂದಿಷ್ಟು ಮಟನ್. ಇವೆಲ್ಲಕ್ಕಿಂತ ಮೇಲೆ, ಹೆಂಡತಿ ಸಾತವ್ವ ಮಾಡುವ ಪುಂಡಿಪಲ್ಯ. ಹುಳಿಹುಳಿಯಾದ ಪುಂಡಿ ಸೊಪ್ಪಿಗೆ ಬೇಳೆ, ಜೋಳದ ನುಚ್ಚು, ಒಂದು ಹಿಡಿ ಶೇಂಗಾ ಹಾಕಿ ಕುದಿಸಿ, ಕಡೆಗೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಳೆಂದರೆ ಖಂಡೆಪ್ಪನಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ. ಹಿಂದಕ್ಕೆ ಪಡೆದ ಆ ಕರಪತ್ರದಲ್ಲಿ ಏನೇನು ಇತ್ತೋ ಅದೆಲ್ಲ ಅವನ ತಾಟಿನಲ್ಲಿತ್ತು. ಹಾಗಾಗಿ ಕಚೇರಿಯ ಗಮನ ಅವನ ಕಡೆಗೆ ಹರಿಯಲು ಕಾರಣವೇ ಇರಲಿಲ್ಲ.

ಹರಿದದ್ದು ಅವನ ಮಾಲಕರ ದೆಸೆಯಿಂದ. ಒಂದು ಸೋಮವಾರ ದುಧನಿಯ ಮಲಕಾಜಪ್ಪ ಎಂಬ ಪ್ರಸಾರ ಅಧಿಕಾರಿ ಅಂಗಡಿಗೆ ಬಂದ. ಕಚೇರಿಯ ಕಾಗದಗಳೆಲ್ಲ ಮರಾಠಿಯಲ್ಲಿದ್ದು, ಅವುಗಳನ್ನು ಕನ್ನಡದಲ್ಲಿ ಹೇಳಿ ಜನರನ್ನು ಹೆದರಿಸುವುದು ಅವನ ಕೆಲಸವಾಗಿತ್ತು. ಕೊಟ್ಟ ಚಹಾ ಕುಡಿದು, ಕುಳಿತಲ್ಲೇ ಕಲ್ಯಾಣಪ್ಪನವರ ಊಟದ ತಪಾಸಣೆ ಮುಗಿಸಿದ.

"ಸಾವಕಾರ್ರ, ಪಲ್ಯದ ಕಡಿಂದ ನಿಮ್ಮ ಮ್ಯಾಲ ಏನೂ ತಕರಾರ ಇಲ್ಲ. ಬ್ಯಾಳಿ ಕಡಿಂದನೂ ಇಲ್ಲ. ಆದ್ರ ಮಾಂಸದ ಕಡೆ ಅಗದಿ ಖಾಲಿ ಅದ."

"ಸಾಹೇಬ್ರ, ನಾವು ಲಿಂಗಾ ಕಟ್ಟಿಕೊಂಡ ಮಂದಿ. ನಮ್ಮ ಮನ್ಯಾಗ ತತ್ತಿ ಅನ್ನೋ ಮಾತು ಸುದ್ದಾ ಆಡಂಗಿಲ್ಲ."

"ಆಡಬ್ಯಾಡ್ರಿ. ಆಡೂದಕ್ಕ ನಿಯಮ ಇಲ್ಲ. ತಿನ್ನೂದಕ್ಕ ಅದ."

ಕಲ್ಯಾಣಪ್ಪನವರ ಮುಖ ಬಾಡಿತು. ಪರವಾನಗಿ ಹೋದರೆ ನೂಲು ಬರುವುದಿಲ್ಲ, ನೂಲು ಬಾರದಿದ್ದರೆ ಅಂಗಡಿ ಮುಚ್ಚಬೇಕು. ಇತ್ತ ಕುಲಾಚಾರ ಬಿಟ್ಟರೆ ನಾಲ್ಕು ಜನರಲ್ಲಿ ಮುಖ ತೋರಿಸುವ ಹಾಗಿಲ್ಲ. ಇನ್ನೊಂದು ತೊಡಕೂ ಇತ್ತು. ಪರವಾನಗಿ ಇನ್ನೂ ಅವರ ತಂದೆ ಶಾಂತಪ್ಪನವರ ಹೆಸರಿನಲ್ಲೇ ಇತ್ತು. ಅವರು ತೀರಿಹೋಗಿ ಬಹಳ ವರ್ಷವಾಗಿತ್ತು. ಆದರೆ ಹೆಸರು ಚಾಲ್ತಿಯಲ್ಲಿರುವವರೆಗೆ ಅವರಿಗೂ ಸಮತೋಲ ಬೇಕೆಂದು ಮಲಕಾಜಪ್ಪ ಖಚಿತವಾಗಿ ಹೇಳಿದ.

ಅಂಗಡಿಯ ಹಿಂದೆಯೇ ಮನೆ. ಸೋಮವಾರವಾದ್ದರಿಂದ ಒಳಗೆ ಮಲ್ಲಯ್ಯನವರ ಊಟ ನಡೆದಿತ್ತು. ಮಲ್ಲಯ್ಯನವರು ಆ ಮನೆತನದ ಅಯ್ಯನವರು. ಅವರ ಪಾದಪೂಜೆ ಮಾಡಿ ಉಣಿಸಿದರೆ ಮನೆಯ ಹಿರಿಯರಿಗೆ ತೃಪ್ತಿಯಾಗುತ್ತದೆಂಬುದು ಅಲ್ಲಿಯ ಪದ್ಧತಿ. ಹೋಳಿಗೆ ಬಡಿಸುತ್ತಿದ್ದ ಕಲ್ಯಾಣಪ್ಪನವರ ಹೆಂಡತಿ ಪಾರ್ವತಿಬಾಯಿಗೆ ಹೊರಗಿನ ಮಾತೆಲ್ಲ ಕೇಳಿಸುತ್ತಿತ್ತು. ಆಕೆ ತುಪ್ಪದ ತಂಬಿಗೆಯನ್ನು ಕೆಳಗಿಟ್ಟು ಕೇಳಿದಳು:

"ಅಯ್ಯನೋರ, ನೀವು ಉಂಡದ್ದು ನಮ್ಮ ಮಾವನೋರಿಗೆ ಮುಟ್ಟತದಲ್ರಿ?"

"ಮುಟ್ಟಲಾರದ ಮತ್ತೆಲ್ಲಿ ಹೋಗತದ ತಾಯೀ? ನನ್ನ ಹೊಟ್ಟ್ಯಾಗ ಬರೇ ಹಾದು ಹೋಗತದ," ಎಂದು ಮಲ್ಲಯ್ಯನವರು ಇನ್ನೊಂದು ಹೋಳಿಗೆಗೆ ತಾಟು ಮುಂದೆ ಮಾಡಿದರು.

ಪಾರ್ವತಿಬಾಯಿ ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು. ಗಂಡ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ನಿಯಮವನ್ನು ಮತ್ತೊಮ್ಮೆ ಓದಿಕೊಂಡ. "ಹೆಸರಿನಲ್ಲಿ ಸೇವನೆಯಾಗತಕ್ಕದ್ದು" ಎಂದಿತ್ತೇ ಹೊರತು, ಯಾರ ಬಾಯಿಂದ ಎಂದು ಎಲ್ಲಿಯೂ ಇರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಖಂಡೆಪ್ಪ ಬೆನ್ನ ಮೇಲೆ ನೂಲಿನ ಗಂಟು ಹೊತ್ತು ಒಳಗೆ ಬಂದ. ಮೂವರೂ ಅವನನ್ನು ಬಹಳ ಹೊತ್ತು ಪ್ರೀತಿಯಿಂದ ನೋಡಿದರು.

"ಖಂಡೆಪ್ಪಾ, ನೀ ಮಟನ್ ತಿಂತೀಯೇನೋ?" ಎಂದರು ಕಲ್ಯಾಣಪ್ಪನವರು.

"ಕೊಟ್ರ ತಿಂತೀನ್ರಿ ಮಾಲಕ್ರ."

"ನನಗೋಸ್ಕರ ತಿಂತೀ?"

ಇಂಥ ಪ್ರಶ್ನೆಯನ್ನು ಯಾರೂ ಅವನಿಗೆ ಎಂದೂ ಕೇಳಿರಲಿಲ್ಲ. ಖಂಡೆಪ್ಪ ಸಂತೋಷದಿಂದ ಗಂಟನ್ನು ಕೆಳಗಿಳಿಸಿ ಕೈ ಮುಗಿದ. "ಜೀವಾ ಕೊಡು ಅಂದ್ರ ಕೊಡ್ತೀನ್ರಿ. ಇದೇನು ದೊಡ್ಡ ಮಾತ?" ಎಂದ.

ಮರುದಿನದಿಂದಲೇ ವ್ಯವಸ್ಥೆ ಜಾರಿಗೆ ಬಂತು. ಪೇಠದ ಕೊನೆಯ ಖಾನಾವಳಿಯಲ್ಲಿ ಖಂಡೆಪ್ಪ ಕೂಡ್ರುವುದು, ಮೊದಲ ತುತ್ತು ಎತ್ತಿ "ಕಲ್ಯಾಣಪ್ಪನವರ ಪರವಾಗಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು, ಆಮೇಲೆ ತಿನ್ನುವುದು. ಅದು ಮುಗಿದ ಮೇಲೆ ಕೈ ತೊಳೆದು ಬಂದು ಶಾಂತಪ್ಪನವರ ಪರವಾಗಿ ಇನ್ನೊಂದು ತಾಟು. ತೀರಿಹೋದವರಿಗೆ ಹಲ್ಲಿನ ತೊಂದರೆ ಇತ್ತೆಂದು ಮನೆಯವರು ನೆನಪಿಸಿದ್ದರಿಂದ ಅವರ ಪಾಲಿನ ಮಟನ್ನನ್ನು ಮೆತ್ತಗೆ ಬೇಯಿಸಲಾಗುತ್ತಿತ್ತು.

ಆದರೆ ಕಲ್ಯಾಣಪ್ಪನವರು ಯಾರ ಋಣವನ್ನೂ ಇಟ್ಟುಕೊಳ್ಳುವವರಲ್ಲ. ಹಮಾಲ ತಮಗಾಗಿ ಮಾಂಸ ತಿನ್ನುವಾಗ ತಾವು ಅವನಿಗಾಗಿ ಏನನ್ನೂ ತಿನ್ನದಿರುವುದು ಧರ್ಮವಲ್ಲವೆಂದು ಅವರಿಗೆ ಅನಿಸಿತು. ಖಂಡೆಪ್ಪನ ಹೆಸರಿನಲ್ಲಿ ಸೇವನೆಯಾಗಬೇಕಾದ ಪಲ್ಯವನ್ನೆಲ್ಲ ತಾವೇ ತಿನ್ನುವುದಾಗಿ ಬರೆದುಕೊಟ್ಟರು. ಮೆಂತ್ಯ, ರಾಜಗಿರಿ, ಹುಣಸಿ ಚಿಗುರು, ಪುಂಡಿ ಎಲ್ಲವನ್ನೂ ಪಾರ್ವತಿಬಾಯಿಯಿಂದ ಮಾಡಿಸಿ, ಸಂಕಟವಾದರೂ ಬಿಡದೆ ಹಮಾಲನ ಕಲ್ಯಾಣಕ್ಕಾಗಿ ಉಂಡರು. ಇಂಥ ಮಾಲಕರನ್ನು ಪೇಠದ ಜನ ಕಂಡಿರಲಿಲ್ಲ. ಸಮತೋಲ ಪತ್ರಗಳು ಬಂದವು, ಪರವಾನಗಿ ಮುಂದುವರಿಯಿತು. ಇಬ್ಬರನ್ನೂ ಜಿಲ್ಲೆಯ ಆದರ್ಶ ಜೋಡಿ ಎಂದು ಕಚೇರಿ ಗುರುತಿಸಿತು. ಅಕ್ಕಲಕೋಟೆಯ ಸಮಾರಂಭದಲ್ಲಿ ಇಬ್ಬರಿಗೂ ಹಾರ ಹಾಕುವುದೆಂದೂ ತೀರ್ಮಾನವಾಯಿತು.

ಇದು ತೀರ್ಮಾನವಾದ ವಾರದ ಕೊನೆಗೆ ಖಂಡೆಪ್ಪ ಕುಂಭಾರಿಯ ತನ್ನ ಮನೆಯಲ್ಲಿ ಪುಂಡಿಪಲ್ಯದ ಮುಂದೆ ಕುಳಿತಿದ್ದ. ಭಕ್ಕರಿ ಮುರಿದು ಇನ್ನೇನು ಅದ್ದಬೇಕು, ಬಾಗಿಲಲ್ಲಿ ಮಲಕಾಜಪ್ಪ ನಿಂತಿದ್ದ. ಸಾತವ್ವ ಒಗ್ಗರಣೆ ಹಾಕಿದರೆ ಮೂರು ಓಣಿಗೆ ಗೊತ್ತಾಗುತ್ತಿತ್ತು. ತಪಾಸಣೆಗೆ ಬಂದವನಿಗೆ ದಾರಿ ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

"ಕೈ ತೆಗಿ ಖಂಡೆಪ್ಪಾ. ನಿನ್ನ ಪಲ್ಯ ಮುಗದದ."

"ಇನ್ನೂ ಮುಟ್ಟೇ ಇಲ್ರಿ ಸಾಹೇಬ್ರ."

"ನೀ ಮುಟ್ಟಿಲ್ಲ. ಸಾವಕಾರ್ರು ಸೋಲಾಪುರದಾಗ ಮುಂಜಾನೇನೇ ಉಂಡಾರ, ನಿನ್ನ ಹೆಸರಿಲೆ. ಸ್ವಲ್ಪ ಜಾಸ್ತಿನೇ ಉಂಡಾರ. ಇನ್ನ ಮ್ಯಾಲ ನೀನೂ ಉಂಡ್ರ ಭೂಮಿಗೆ ದ್ರೋಹ ಆಗತದ."

ಸಾತವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಎದ್ದು ನಿಂತಳು. "ಸಾಹೇಬ್ರ, ಅವ್ರು ಅಲ್ಲಿ ಉಂಡ್ರ ಇವ್ರ ಹೊಟ್ಟಿ ಹೆಂಗ ತುಂಬತೈತ್ರಿ?"

"ಹೊಟ್ಟಿ ವಿಷಯ ನಮ್ಮ ಕಚೇರಿಗೆ ಬರಂಗಿಲ್ಲ ತಂಗೀ. ನಮ್ಮದು ಆಹಾರ ಅಷ್ಟೇ." ಮಲಕಾಜಪ್ಪ ಒಳ್ಳೆಯ ಮನುಷ್ಯ, ಆಕೆಗೆ ಬೇಸರವಾಗಬಾರದೆಂದು ದನಿ ತಗ್ಗಿಸಿದ. "ಭಕ್ಕರಿ ಎಷ್ಟ ಬೇಕಾದ್ರೂ ತಿನ್ನಲಿ, ಅದಕ್ಕ ತಕರಾರ ಇಲ್ಲ. ಆದ್ರ ಪಲ್ಯಕ್ಕ ಕೈ ಹಚ್ಚಿದ್ರ ಜೋಡಿ ಮುರೀತದ. ಜೋಡಿ ಮುರಿದ್ರ ಸಾವಕಾರ್ರ ಪರವಾನಗಿ ಹೋಗತದ. ದುಕಾನ ಮುಚ್ಚಿದ್ರ ಇಂವಾ ಗಂಟು ಎಲ್ಲಿ ಹೊರಬೇಕು, ನೀನ ಹೇಳು."

ಸಾತವ್ವ ಸಿಗಿಸಿದ ಸೆರಗನ್ನು ಬಿಚ್ಚಿಕೊಂಡು ಕುಳಿತಳು. ಖಂಡೆಪ್ಪ ಒಣ ಭಕ್ಕರಿಯನ್ನು ನೀರಿನಲ್ಲಿ ಅದ್ದಿಕೊಂಡು ತಿಂದ. ಎದುರಿಗೆ ಪಲ್ಯ ಆರುತ್ತ ಕುಳಿತಿತ್ತು. ಅವನಿಗೆ ಅಳು ಬಂತು, ಆದರೆ ಹೆಂಡತಿಯ ಎದುರು ಅಳಬಾರದೆಂದು ತಡೆದುಕೊಂಡ.

ಹೀಗೇ ಮಳೆಗಾಲ ಕಳೆಯಿತು. ಪೇಠದಲ್ಲಿ ಇಬ್ಬರ ಪಾಲಿನ ಮಟನ್, ಮನೆಯಲ್ಲಿ ಒಣ ಭಕ್ಕರಿ. ಖಂಡೆಪ್ಪನ ಹೊಟ್ಟೆ ಕಲ್ಲಿನಂತಾಯಿತು, ಎದೆಯಲ್ಲಿ ಉರಿ ಎದ್ದಿತು. ಇತ್ತ ಕಲ್ಯಾಣಪ್ಪನವರ ಹೊಟ್ಟೆ ಸೊಪ್ಪು ತಿಂದು ತಿಂದು ಸಡಿಲಾಗಿತ್ತು. ಖಂಡೆಪ್ಪನನ್ನು ಕಚೇರಿಯ ಡಾಕ್ಟರರ ಹತ್ತಿರ ಕರೆದೊಯ್ದರು. ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಇದು ಮಾಂಸದಿಂದಾದ ಬಾಧೆ ಎಂದರು. ಮಾಂಸ ಯಾರದೆಂದು ವಿಚಾರಿಸಿದರು. ಅದು ಕಲ್ಯಾಣಪ್ಪನವರದೆಂದು ತಿಳಿದ ಮೇಲೆ, ಔಷಧವೂ ಅವರಿಗೇ ಸಲ್ಲತಕ್ಕದ್ದೆಂದು ಭೇದಿಗೆ ಒಂದು ಬಾಟಲಿ ಔಡಲೆಣ್ಣೆ ಬರೆದುಕೊಟ್ಟರು.

ಕಲ್ಯಾಣಪ್ಪನವರು ಮಾತಿಗೆ ತಪ್ಪುವವರಲ್ಲ. ಬಾಟಲಿಯನ್ನು ಪೂರ್ತಿ ಕುಡಿದರು. ಆಗಲೇ ಸಡಿಲಾಗಿದ್ದ ಹೊಟ್ಟೆಗೆ ಅದು ಸಾಕಷ್ಟಾಯಿತು, ಅಂಗಡಿ ಕೆಲವು ದಿನ ತೆರೆಯಲಿಲ್ಲ. ಖಂಡೆಪ್ಪ ಗುಣವಾಗಿದ್ದಾನೆಂದು ಡಾಕ್ಟರರು ದೃಢಪತ್ರ ಕೊಟ್ಟರು. ಖಂಡೆಪ್ಪನ ಎದೆಯುರಿ ಮಾತ್ರ ದೃಢಪತ್ರ ಓದಲು ಬಾರದ್ದರಿಂದ ಹಾಗೆಯೇ ಉಳಿಯಿತು.

ಅಂಗಡಿ ತೆರೆದ ದಿನ ಖಂಡೆಪ್ಪ ಮಾಲಕರ ಗಾದಿಯ ಮುಂದೆ ಬಂದು ನಿಂತ.

"ಮಾಲಕ್ರ, ನನ್ನ ಕಡಿಂದ ಆಗವಲ್ದರಿ. ಮಟನ್ ತಿನ್ನು ಅಂದ್ರ ತಿಂತೀನಿ, ನಿಮ್ಮದೂ ತಿಂತೀನಿ, ಹಿರೇ ಸಾವಕಾರ್ರದೂ ತಿಂತೀನಿ. ಆದ್ರ ನನಗ ಸಾತವ್ವನ ಕೈಯ್ಯಾನ ಪುಂಡಿಪಲ್ಯ ಬೇಕ್ರಿ. ಅದಿಲ್ಲ ಅಂದ್ರ ಈ ಜೋಡೀನೂ ಬ್ಯಾಡ, ಹಾರಾನೂ ಬ್ಯಾಡ."

"ಅಲ್ಲೋ, ನಿನ್ನ ಸಲುವಾಗಿ ನಾ ಪುಂಡಿನೂ ಉಣ್ಣಾಕತ್ತೀನಲ್ಲ?"

"ಅದು ಬಾಯಿಸಾಹೇಬ್ರು ಮಾಡಿದ್ದರಿ. ಸಾತವ್ವಂದು ಬ್ಯಾರೆ."

ಕಲ್ಯಾಣಪ್ಪನವರು ಲೆಕ್ಕದ ಪುಸ್ತಕ ಮುಚ್ಚಿದರು. ಸಾತವ್ವ ಮಾಡಿದ್ದನ್ನೇ ಡಬ್ಬಿಯಲ್ಲಿ ತರಿಸಿಕೊಂಡು ಅವನ ಪರವಾಗಿ ಉಣ್ಣಬಹುದಿತ್ತು. ಆದರೆ ಖಂಡೆಪ್ಪನ ಮನೆಯ ನೀರನ್ನೂ ಅವರ ಮನೆತನದವರು ಮುಟ್ಟಿದವರಲ್ಲ. ಅವನ ಹೊಟ್ಟೆಯನ್ನು ತಮ್ಮದೆನ್ನಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ, ಅವನ ಮನೆಯ ಗಡಿಗೆಯದು ಮಾತ್ರ ಬೇರೆ ವಿಷಯವಾಗಿತ್ತು. ಇದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ. ಖಂಡೆಪ್ಪನಿಗೂ ಗೊತ್ತಿತ್ತು, ಅವನು ನೆಲ ನೋಡುತ್ತ ನಿಂತ.

ಸಂಗತಿ ಅಕ್ಕಲಕೋಟೆಗೆ ಮುಟ್ಟಿತು. ಹಾರಗಳಿಗೆ ಆಗಲೇ ಹೇಳಿಯಾಗಿತ್ತು, ಆದರ್ಶ ಜೋಡಿ ಸಮಾರಂಭಕ್ಕೆ ಮೊದಲೇ ಮುರಿದರೆ ಕಚೇರಿಯ ಮರ್ಯಾದೆ ಉಳಿಯುತ್ತಿರಲಿಲ್ಲ. ಮಲಕಾಜಪ್ಪನ ಕಚೇರಿಯಲ್ಲಿ ತುರ್ತು ಸಭೆ ಕೂಡಿತು. ಖಂಡೆಪ್ಪ ಉಣ್ಣಲಿ ಎಂದು ಯಾರೋ ಹೊಸಬನೊಬ್ಬ ಅಂದ. ಅವನನ್ನು ಸಭೆಯಿಂದ ಹೊರಗೆ ಕಳಿಸಲಾಯಿತು. ಸಂಜೆಯವರೆಗೆ ಚರ್ಚಿಸಿದ ಮೇಲೆ ದಾರಿ ಸಿಕ್ಕಿತು. ಸತ್ತವರೇ ಪರರ ಬಾಯಿಂದ ಉಣ್ಣುತ್ತಿರುವಾಗ, ಬದುಕಿರುವ ಕಲ್ಯಾಣಪ್ಪನವರು ಯಾಕೆ ಉಣ್ಣಬಾರದು? ಖಂಡೆಪ್ಪನ ಪರವಾಗಿ ತಾವು ಉಣ್ಣಬೇಕಾದ ಪುಂಡಿಪಲ್ಯಕ್ಕೆ ಅವರೂ ಒಬ್ಬ ಪರವಾಗಿ-ಉಣ್ಣುವವನನ್ನು ನೇಮಿಸಿಕೊಳ್ಳಬಹುದು. ಎರಡು ದಿನಗಳಲ್ಲಿ ಪ್ರಕಟಣೆ ಹೊರಟಿತು:

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಮಂಗಳವಾರ ಪೇಠದ ಶ್ರೀ ಕಲ್ಯಾಣಪ್ಪನವರ ಪರವಾಗಿ ಪುಂಡಿಪಲ್ಯ ಉಣ್ಣಲು ಒಬ್ಬ ಯೋಗ್ಯ ವ್ಯಕ್ತಿ ಬೇಕಾಗಿದ್ದಾನೆ. ಸದರಿ ವ್ಯಕ್ತಿಗೆ ಕುಂಭಾರಿಯ ಸಾತವ್ವ ಇವರ ಮನೆಯ ಗಡಿಗೆಯ ಬಗ್ಗೆ ಯಾವ ಆಕ್ಷೇಪವೂ ಇರಕೂಡದು. ಸದರಿಯವರ ಅಡಿಗೆಯ ಪೂರ್ವಾನುಭವ ಇರತಕ್ಕದ್ದು. ಮಧ್ಯಾಹ್ನ ಮಂಗಳವಾರ ಪೇಠದಲ್ಲಿ ಹಾಜರಿರತಕ್ಕದ್ದು. ಹಸಿದಿರತಕ್ಕದ್ದು."

ಅರ್ಜಿಗಳೇನೋ ಬಂದವು. ಊಟ ಸಿಗುವುದಾದರೆ ಬಾರದೆ ಏನು? ಆದರೆ ಎಲ್ಲ ಅರ್ಹತೆಗಳೂ ಒಬ್ಬನಲ್ಲೇ ಕೂಡಿದ್ದವು. ಮಲಕಾಜಪ್ಪ ಸ್ವತಃ ಅಂಗಡಿಗೆ ಬಂದು ಹುಕುಂ ಓದಿದ.

"ಖಂಡೆಪ್ಪನ ಹೆಸರಿಲೆ ಸಾವಕಾರ್ರು ಉಣ್ಣೂದು. ಸಾವಕಾರ್ರ ಪರವಾಗಿ ಖಂಡೆಪ್ಪ ಉಣ್ಣೂದು. ಬರೋಬರ್ ಅದ?"

ಖಂಡೆಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರ, ನಾ ಉಣಬೇಕೇನ್ರಿ?"

"ನೀ ಅಲ್ಲ. ಸಾವಕಾರ್ರು."

"ಬಾಯಿ ಯಾರದ್ರಿ?"

"ಬಾಯಿ ನಿಂದು. ಹಂಗ ನೋಡಿದ್ರ ಹೊಟ್ಟೀನೂ ನಿಂದ."

"ಹಂಗಾದ್ರ ಮನ್ಯಾಗ ಯಾಕ ಉಣಬಾರದ್ರಿ?"

"ಮನ್ಯಾಗ ಉಂಡ್ರ ಬರೇ ಊಟ ಆಗತದಪಾ," ಎಂದು ಮಲಕಾಜಪ್ಪ ತಾಳ್ಮೆಯಿಂದ ತಿಳಿಹೇಳಿದ. ಖಂಡೆಪ್ಪ ಅವಸರದಿಂದ ತಲೆಯಾಡಿಸಿದ. ಸಿಕ್ಕ ದಾರಿ ಕೈತಪ್ಪೀತೆಂಬ ಹೆದರಿಕೆ ಅವನಿಗಿತ್ತು.

ಮರುದಿನ ಸಾತವ್ವ ಕೋಳಿ ಕೂಗುವ ಮೊದಲೇ ಎದ್ದು ಪಲ್ಯ ಮಾಡಿದಳು. ಡಬ್ಬಿ ಎಸ್.ಟಿ.ಯಲ್ಲಿ ಖಂಡೆಪ್ಪನ ತೊಡೆಯ ಮೇಲೆ ಕುಳಿತು ಸೋಲಾಪುರಕ್ಕೆ ಬಂತು. ದಾರಿಯುದ್ದಕ್ಕೂ ವಾಸನೆ ಬರುತ್ತಿತ್ತು, ಅವನು ಮುಚ್ಚಳ ತೆಗೆಯಲಿಲ್ಲ. ಮಧ್ಯಾಹ್ನ ಗೋದಾಮಿನ ಹಿಂಬದಿಯಲ್ಲಿ ನೂಲಿನ ಗಂಟುಗಳ ನಡುವೆ ಅವನನ್ನು ಕೂಡ್ರಿಸಲಾಯಿತು. ಉಣ್ಣುವವರು ತಾವೇ ಆದ್ದರಿಂದ ಕಲ್ಯಾಣಪ್ಪನವರೂ ಹಾಜರಿರಬೇಕಿತ್ತು. ಮುಟ್ಟದಷ್ಟು ದೂರದಲ್ಲಿ ಒಂದು ಮಣೆ ಹಾಕಿಕೊಂಡು ಕುಳಿತರು. ಮಲಕಾಜಪ್ಪ ಸಾಕ್ಷಿಗೆ ನಿಂತ.

ಖಂಡೆಪ್ಪ ಭಕ್ಕರಿ ಮುರಿದು ಪಲ್ಯದಲ್ಲಿ ಅದ್ದಿ ತುತ್ತು ಎತ್ತಿದ. "ನನ್ನ ಪರವಾಗಿ ಕಲ್ಯಾಣಪ್ಪನವರು, ಕಲ್ಯಾಣಪ್ಪನವರ ಪರವಾಗಿ ನಾನು," ಎಂದು ತಪ್ಪಿಲ್ಲದೆ ಹೇಳಿ ಬಾಯಿಗಿಟ್ಟುಕೊಂಡ. ಅಷ್ಟು ದಿನಗಳ ಮೇಲೆ ಆ ಹುಳಿ, ಆ ಬೆಳ್ಳುಳ್ಳಿ ನಾಲಿಗೆಗೆ ಮುಟ್ಟಿದಾಗ ಅವನ ಕಣ್ಣಲ್ಲಿ ನೀರು ಬಂತು. ದೂರದಲ್ಲಿ ಕುಳಿತ ಕಲ್ಯಾಣಪ್ಪನವರ ಮೂಗಿಗೂ ಒಗ್ಗರಣೆಯ ವಾಸನೆ ಹೋಗಿರಬೇಕು. ಅವರು ಎರಡು ಸಲ ಉಗುಳು ನುಂಗಿದರು.

"ಉಪ್ಪು ಹುಳಿ ಸರಿ ಅದ ಏನೋ?" ಎಂದರು ಮೆಲ್ಲಗೆ.

"ಅಗದಿ ಹದಾ ಆಗೇತ್ರಿ."

"ನನಗೂ ಹಂಗ ಅನಸ್ತು," ಎಂದರು ಕಲ್ಯಾಣಪ್ಪನವರು.

ಅಕ್ಕಲಕೋಟೆಯ ಸಮಾರಂಭ ನಿರ್ವಿಘ್ನವಾಗಿ ನಡೆಯಿತು. ಇಬ್ಬರಿಗೂ ಬಂದ ಹಾರಗಳನ್ನು ಖಂಡೆಪ್ಪನೇ ಹಾಕಿಕೊಂಡು, ಆಮೇಲೆ ಒಂದನ್ನು ಮಾಲಕರ ಗಾಡಿಯಲ್ಲಿಟ್ಟ. ಹೂವಿನಿಂದ ಕಲ್ಯಾಣಪ್ಪನವರಿಗೆ ಸೀನು ಬರುತ್ತಿತ್ತು. ಹಮಾಲನೊಬ್ಬ ತನ್ನ ಹೆಂಡತಿ ಮಾಡಿದ ಪಲ್ಯವನ್ನು ತಾನೇ ಉಣ್ಣುವಂತಾದದ್ದು ಅಭಿಯಾನದ ಮಹತ್ವದ ಸಾಧನೆಯೆಂದು ವರದಿಯಲ್ಲಿ ಸೇರಿತು. ಉಳಿದ ಜಿಲ್ಲೆಗಳಿಗೂ ಈ ಪದ್ಧತಿಯನ್ನು ವಿಸ್ತರಿಸಲು ಶಿಫಾರಸು ಹೋಯಿತು. ಪೇಠದ ವ್ಯಾಪಾರಿಗಳೆಲ್ಲ ತಮ್ಮ ತಮ್ಮ ಹಮಾಲರ ಹೆಂಡಂದಿರು ಏನು ಚೆನ್ನಾಗಿ ಮಾಡುತ್ತಾರೆಂದು ವಿಚಾರಿಸತೊಡಗಿದರು.

ಮೊದಲ ದಿನ ಗೋದಾಮಿನಲ್ಲಿ ಉಂಡು ಖಂಡೆಪ್ಪ ಮನೆಗೆ ಹೋದಾಗ ಸಾತವ್ವ ಬಾಗಿಲಲ್ಲೇ ಕಾದಿದ್ದಳು. ಖಾಲಿ ಡಬ್ಬಿ ಇಸಿದುಕೊಂಡು, ತಳವನ್ನು ಬೆರಳಿನಿಂದ ಸವರಿ ನೋಡಿದಳು. ಏನೂ ಉಳಿದಿರಲಿಲ್ಲ.

"ಹೆಂಗಾಗಿತ್ತರಿ?" ಎಂದಳು.

ಖಂಡೆಪ್ಪನಿಗೆ ಬಾಯಿತುಂಬ ಹೊಗಳಬೇಕೆನಿಸಿತು. ಆದರೆ ಹೊಗಳುವ ಅಧಿಕಾರ ತನ್ನದೋ ಅಲ್ಲವೋ ಎಂದು ಅನುಮಾನ ಬಂತು. ಮುರಿಯದೆ ಉಳಿದ ಜೋಡಿಯನ್ನು ಒಂದು ಮಾತಿನಿಂದ ಮುರಿಯುವುದು ಬೇಡವೆಂದು ಎಚ್ಚರದಿಂದ ಉತ್ತರಿಸಿದ.

"ಮಾಲಕ್ರಿಗೆ ಭಾಳ ಸೇರ್ತು."

ಮಾಲಕರ ಮನೆಯ ಹೊಸ್ತಿಲೊಳಗೆ ಒಮ್ಮೆಯೂ ಕಾಲಿಡದ ಸಾತವ್ವ ಸಂತೋಷದಿಂದ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು.

"ಖರೇನ ಉಂಡ್ರಾ?" ಎಂದಳು. "ಹಂಗಾದ್ರ ನಾಳಿಗೆ ಇನ್ನೊಂದೀಟು ಜಾಸ್ತಿ ಮಾಡ್ತೀನಿ. ಅವ್ರು ಉಂಡು ಉಳಿದ್ರ, ನಿಮಗೂ ಒಂದು ತುತ್ತು ಕೊಟ್ಟಾರು."